ಹಸಿರು ಕೈಯ ಉಂಗುರ

ನಲವತ್ತೊಂದು ಸಲ ಸತ್ತಿದ್ದೇನೆ ನಾನು,
ತಲಾ ಹದಿನೈದು ಸೆಂಟಿಗೆ.
ಬ್ರೂಕ್ಲಿನ್ನಿನ ನೆಲದಡಿಯ ರೈಲುನಿಲ್ದಾಣದಲ್ಲಿ
ಚೂಯಿಂಗ್ ಗಮ್ಮಿನ ಡಬ್ಬಿಯ ಪಕ್ಕ
ತಂತಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದರು ನನ್ನನ್ನು,
ಬಾಯಿ ತೆರೆದಂತೆಯೇ.

ವಾರವೆಲ್ಲ ಟೋಪಿ ಕಾರ್ಖಾನೆಯಲ್ಲಿ ಅಂಚು ಹೊಲಿಗೆ.
ಶನಿವಾರ ಮಧ್ಯಾಹ್ನ ಐದು ಮಹಡಿ ಹತ್ತಿ
ಕಿರಿಚುವ ಕೆಲಸ.
ಗಂಟೆಗೆ ಎಪ್ಪತ್ತೈದು ಸೆಂಟು.
"ಸದ್ದು ಬೇಡ ಬಿರೂತೆ," ಅನ್ನುತ್ತಿದ್ದ ಟೆನ್ನಿ,
"ಕೆಳಗಿನ ಮನೆಯ ಕೂಸು ಈಗಷ್ಟೆ ಮಲಗಿದೆ."
ದನಿಯಿಲ್ಲದೆ ಕಿರಿಚುವುದು ಸುಲಭವಲ್ಲ.
ಆಕಳಿಕೆಯನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಬೇಕು,
ದವಡೆ ಹಿಡಿದುಕೊಳ್ಳುವ ತನಕ.

ರಾಕ್ಷಸನಾಗಿ ನಿಲ್ಲುತ್ತಿದ್ದವನು ಲೊಮೂತೊ,
ಕಟ್ಟಡದ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು.
ಮೈಮೇಲೆ ಕುದುರೆಗೆ ಹೊದಿಸುವ ಕಂಬಳಿ,
ಬಲಗೈಯಲ್ಲಿ ನೆಲ ಒರೆಸುವ ಕೋಲು, ಅದೇ ಖಡ್ಗ.
ಎಡಗೈ ನನ್ನ ಕೊರಳಿಗೆ.
ಪ್ರತಿಸಲವೂ ಬಿಸಿನೀರಲ್ಲಿ ಕೈ ತೊಳೆದು ಬಂದು
"ತಣ್ಣಗಿದೆಯೇನಮ್ಮ?" ಎಂದು ಕೇಳುತ್ತಿದ್ದ.
ಈ ಕೊರಳಿಗೆ ಕೈ ಹಾಕಿದ ಗಂಡಸರಲ್ಲಿ
ಕೇಳಿ ಹಾಕಿದವನು ಅವನೊಬ್ಬನೇ.

ಕತೆ ಆಮೇಲೆ. ಮೊದಲು ಚಿತ್ರ.
ಯಾವುದೋ ಅಗ್ಗದ ಹೋಟೆಲಿನ ಕೋಣೆಯಲ್ಲಿ
ಯಾವನೋ ಕತೆಗಾರ ಚಿತ್ರವನ್ನು ಎದುರಿಗಿಟ್ಟುಕೊಂಡು
ನನ್ನನ್ನು ಕಟ್ಟಿಹಾಕಿದ್ದೇಕೆಂದು ತಲೆ ಕೆರೆದುಕೊಳ್ಳುತ್ತಿದ್ದ.
ತಿಂಗಳಿಗೊಬ್ಬ ಹೊಸ ಅಪ್ಪ ಸಿಕ್ಕಿದ ನನಗೆ:
ಹುಚ್ಚು ವಿಜ್ಞಾನಿ, ಶಾಪ ಹೊತ್ತ ಶ್ರೀಮಂತ,
ಈಜಿಪ್ಟಿನಿಂದ ಏನನ್ನೋ ಕದ್ದು ತಂದವನು.
ನಿಜವಾದ ಅಪ್ಪ ಸಕ್ಕರೆ ಕಾರ್ಖಾನೆಯ ಮೂಟೆ ಹೊತ್ತು
ರಾತ್ರಿಯೆಲ್ಲ ಕೆಮ್ಮುತ್ತಿದ್ದ.
ಅವನ ಬಗ್ಗೆ ಯಾರೂ ಬರೆಯಲಿಲ್ಲ.

"ಕೆಂಪು ಸಾಲದು," ಎನ್ನುವನು ಪ್ರಕಾಶಕ,
"ಹಳದಿಯಂತೂ ಏನೇನೂ ಸಾಲದು.
ಹತ್ತಡಿ ದೂರದಲ್ಲಿ ಹೋಗುವವನ ಜೇಬಿನೊಳಗೆ
ನಾಣ್ಯ ಮಿಡುಕಬೇಕು."
ಟೆನ್ನಿ ತಲೆಯಾಡಿಸುತ್ತಿದ್ದ.
ಅವನಿಗಿಷ್ಟವಾಗಿದ್ದು ಈರುಳ್ಳಿ.
ತಟ್ಟೆಯ ಮೇಲೆ ಮೂರು, ಕಿಟಕಿಯ ಬೆಳಕಲ್ಲಿ ಒಂದು;
ಯಾರೂ ಕೊಳ್ಳದ ಆ ಚಿತ್ರಗಳು
ಶಿಕ್ಷೆಗೊಳಗಾದ ಹುಡುಗರಂತೆ ಗೋಡೆಗೆ ಮುಖ ಮಾಡಿ ನಿಂತಿದ್ದವು.
ಆ ಸಿಪ್ಪೆಯ ಬಣ್ಣವನ್ನೇ ಕದ್ದು ತಂದು
ನನ್ನ ಕೆನ್ನೆಗೆ ಹಚ್ಚುತ್ತಿದ್ದ.

ಮೂವತ್ತೇಳರ ಫೆಬ್ರುವರಿ.
ಲೊಮೂತೊನ ಹೆಂಡತಿ ತೀರಿ ಹನ್ನೊಂದು ದಿನ.
ಎಂದಿನಂತೆ ಕೈ ತೊಳೆದು ಬಂದ.
ಎಂದೂ ಸೋಪು ಹಚ್ಚಿ ತೆಗೆದಿಡುತ್ತಿದ್ದ ಉಂಗುರವನ್ನು
ಅಂದು ತೆಗೆದಿರಲಿಲ್ಲ.
ಟೆನ್ನಿ ನೋಡಿದ. ನಾನೂ ನೋಡಿದೆ.
ಆಮೇಲೆ ಟೆನ್ನಿ ಹಸಿರು ಕಲಸಿದ,
ಬೆರಳು, ಗೆಣ್ಣು, ಕೊಳಕು ಉಗುರು ಬರೆದ,
ಸಣ್ಣ ಕುಂಚದ ತುದಿಯಲ್ಲಿ ದಪ್ಪನೆಯ ಹಳದಿ
ಒಂದೇ ಎಳೆತ.

ಸಂಪಾದಕನ ಕಣ್ಣಿಗೆ ಬೀಳಲಿಲ್ಲ. ಕತೆಗಾರನಿಗೂ ಇಲ್ಲ;
ಇಪ್ಪತ್ತಮೂರನೇ ಪುಟದಲ್ಲಿ ನಾನು ಮಾಮೂಲಿನಂತೆ ಸತ್ತೆ.
ಒಹಾಯೊದ ಹುಡುಗನೊಬ್ಬ ಮಾತ್ರ ಕಾಗದ ಬರೆದಿದ್ದ:
ಆ ಭೂತಕ್ಕೆ ಮದುವೆ ಆಗಿದೆಯೇ?
ಇರುವೆ ಅಕ್ಷರದಲ್ಲಿ, ಹರ್ನಿಯಾ ಪಟ್ಟಿಯ ಜಾಹೀರಾತಿನ ಮೇಲೆ
ಅಚ್ಚಾಗಿತ್ತು.
ಓದು ಬಾರದ ಲೊಮೂತೊಗೆ
ಬಾಯ್ಲರಿನ ಬೆಂಕಿಯ ಬೆಳಕಲ್ಲಿ ಓದಿ ಹೇಳಿದೆ.
ಸಲಿಕೆಯ ಮೇಲೆ ಗಲ್ಲವೂರಿ ಬಹಳ ಹೊತ್ತು ನಿಂತ.
"ಆಗಿದೆ ಅಂತ ಬರಿ," ಎಂದ.
"ಆಗಿತ್ತು ಅಂತ ಬೇಡ."

ಯುದ್ಧ ಬಂತು. ಕಾಗದ ಸಿಗದೆ ಪತ್ರಿಕೆ ಮುಚ್ಚಿತು.
ಹತ್ತಡಿ ದೂರಕ್ಕೆ ಕಾಣಲೆಂದು ಬರೆಯುತ್ತಿದ್ದ ಟೆನ್ನಿಯನ್ನು
ಸೈನ್ಯ ಕರೆಸಿಕೊಂಡು
ಟ್ಯಾಂಕುಗಳು ಕಾಣದಂತೆ ಬಣ್ಣ ಬಳಿಸಿತು.
ಅದರಲ್ಲೂ ಒಳ್ಳೆಯ ಕೈಯಂತೆ.

ಹಿಂದಿರುಗಿದ ಮೇಲೆ ಕ್ಯಾನ್ವಾಸಿಗೆ ಕಾಸಿರಲಿಲ್ಲ.
ಹಳೆಯ ಮುಖಪುಟಗಳ ಮೇಲೆಯೇ ಈರುಳ್ಳಿ ಬರೆದ.
ಒಂದನ್ನು ನನಗೆ ಕೊಟ್ಟಿದ್ದಾನೆ,
ಅಡುಗೆಮನೆಯಲ್ಲಿದೆ, ಗಡಿಯಾರದ ಕೆಳಗೆ.
ಈರುಳ್ಳಿ ಅಂಥ ಚೆನ್ನಾಗೇನೂ ಬಂದಿಲ್ಲ,
ಅವನಿಲ್ಲ, ಈಗ ಹೇಳಬಹುದು.
ಆದರೆ ಸಂಜೆ ನಾಲ್ಕಕ್ಕೆ ಬಿಸಿಲು ಓರೆಯಾಗಿ ಬಿದ್ದಾಗ
ಬಣ್ಣದಡಿಯ ಬಣ್ಣ ಉಬ್ಬಿ ನಿಲ್ಲುತ್ತದೆ.
ಕನ್ನಡಕ ಬೇಕಿಲ್ಲ ನನಗೆ,
ಬೆರಳಾಡಿಸಿದರೆ ಸಾಕು:
ಒಂದು, ಎರಡು, ಮೂರು,
ನಾಲ್ಕನೆಯದರಲ್ಲಿ ತಡೆಯುತ್ತದೆ.